ಮುಖ್ಯ ಪ್ರವರ್ತಕಿಯ ಹೆಸರು

ಕುರ್ತಕೋಟಿಯ ಹೆಣ್ಣುಮಕ್ಕಳಿಗೆ ತಮ್ಮದೇ ಒಂದು ಉಳಿತಾಯ ಸಹಕಾರಿ ಸಂಘ ಬೇಕೆಂದು ಮೊದಲು ಹೇಳಿದವಳು ಸೌಂದರ್ಯಾ. ಹೊಲಿಗೆ ಕೆಲಸದ ದೇವವ್ವನ ಒಬ್ಬಳೇ ಮಗಳು, ಬಿ.ಕಾಂ. ಮುಗಿಸಿದ್ದಳು. ಸಂಘ ವ್ಯವಹಾರ ಶುರು ಮಾಡಲು ಏನೇನು ಬೇಕೆಂದು ಗದಗಿನ ಸಹಕಾರ ಇಲಾಖೆಯ ಕಚೇರಿಗೆ ಹೋಗಿ ಕೇಳಿಕೊಂಡು ಬಂದಳು. ಉಪವಿಧಿಗಳು ಬೇಕು, ಸದಸ್ಯರ ಸಹಿ ಬೇಕು, ಷೇರು ಹಣ ಬ್ಯಾಂಕಿನಲ್ಲಿರಬೇಕು, ಎಲ್ಲಕ್ಕೂ ಹೊಣೆಯಾಗಿ ಒಬ್ಬ ಮುಖ್ಯ ಪ್ರವರ್ತಕಿ ಇರಬೇಕು. ಕಳೆ ತೆಗೆದು ಬಂದವರ ಮನೆಮನೆಗೆ ಸಂಜೆ ಹೋಗಿ ಅರವತ್ತು ಜನರ ಸಹಿ ಮಾಡಿಸಿದಳು. ಸಹಿ ಬಾರದವರಿಗೆ ಕೂತು ಕಲಿಸಿದಳು. ಪ್ರವರ್ತಕಿಯ ಜಾಗದಲ್ಲಿ ತನ್ನ ಹೆಸರು ಬರೆದಳು.

ಅರ್ಜಿ ಕೊಟ್ಟ ಹನ್ನೊಂದನೆಯ ದಿನ ಜ್ವರ ಬಂತು. ಐದು ದಿನದಲ್ಲಿ ಸೌಂದರ್ಯಾ ತೀರಿಕೊಂಡಳು.

ತಿಂಗಳ ನಂತರ ಕಚೇರಿಯಿಂದ ಪತ್ರ ಬಂತು. ಮುಖ್ಯ ಪ್ರವರ್ತಕಿ ಖುದ್ದಾಗಿ ಹಾಜರಾಗಬೇಕಂತೆ. ಸೌಂದರ್ಯಾಳ ಗೆಳತಿ ಮಮತಾ ಹೋಗಿ ವಿಷಯ ತಿಳಿಸಿದಳು. ಗುಮಾಸ್ತ ಇನಾಯತ ಹೇಳಿದ:

"ಮರಣದ ದಾಖಲಿ ತರ್ರಿ. ಸಭಿ ಕರದು ಬ್ಯಾರೆ ಪ್ರವರ್ತಕರನ್ನ ಆರಿಸಿ ಠರಾವು ಮಾಡ್ರಿ. ಅಲ್ಲೀತನಕ ಅರ್ಜಿ ಮುಂದ ಹೋಗಂಗಿಲ್ರಿ."

ದಾಖಲೆ ದೇವವ್ವನ ಟ್ರಂಕಿನಲ್ಲೇ ಇತ್ತು. ಮಮತಾ ಕೇಳಿದಾಗ ದೇವವ್ವ ಇನ್ನೂ ಕೈಗೆ ಬಂದಿಲ್ಲ ಎಂದಳು. ಎರಡನೆಯ ಸಲವೂ ಹಾಗೇ ಎಂದಳು. ಮೂರನೆಯ ಸಲ ಮಮತಾಳ ಕೈ ಹಿಡಿದುಕೊಂಡಳು.

"ಸುಳ್ಳು ಹೇಳೀನವ್ವಾ. ರೇಶನ್ ಕಾರ್ಡಿನ್ಯಾಗ ಆಕಿ ಹೆಸರು ತಗದ್ರು. ಓಟಿನ ಪಟ್ಟಿಯಾಗೂ ತಗದ್ರು. ಅದೊಂದು ಅರ್ಜಿಯಾಗ ಇನ್ನೂ ಅದಾಳ. ಅಲ್ಲ್ಯರ ಇರಲಿ ಬಿಡು."

ಮಮತಾ ಮತ್ತೆ ಕೇಳಲಿಲ್ಲ. ನಾಲ್ಕು ತಿಂಗಳು ಕಳೆದವು. ಸೌಂದರ್ಯಾಳಿಂದ ಸಹಿ ಕಲಿತಿದ್ದ ಮಾಳವ್ವ ಒಂದು ದಿನ ಕುಪ್ಪಸದ ಅಳತೆ ಕೊಡಲು ಬಂದವಳು, "ಸಂಘ ಯಾವಾಗರ ಆಗಲಿ ಯವ್ವಾ, ನಮಗೇನೂ ಅವಸರಿಲ್ಲ" ಎಂದಳು. ಬೈದಿದ್ದರೆ ದೇವವ್ವ ತಡೆದುಕೊಳ್ಳುತ್ತಿದ್ದಳು. ಈ ಮಾತನ್ನು ತಡೆಯಲಾಗಲಿಲ್ಲ.

ಆ ವಾರವೇ ಸಭೆ ಸೇರಿಸಿದಳು. ಸೌಂದರ್ಯಾಳ ಜಾಗಕ್ಕೆ ಬೇರೆ ಹೆಸರು ಸೂಚಿಸಲು ಯಾರಿಗೂ ಮನಸ್ಸಾಗಲಿಲ್ಲ. ದೇವವ್ವನೇ ಎದ್ದು ಮಮತಾಳ ಹೆಸರು ಸೂಚಿಸಿದಳು.

ದಾಖಲೆಯನ್ನೂ ಠರಾವನ್ನೂ ಅವಳೇ ಕಚೇರಿಗೆ ಒಯ್ದಳು. ಇನಾಯತ ಅರ್ಜಿ ತೆಗೆದು ಪೆನ್ನು ಹಿಡಿದವನು ತಲೆಯೆತ್ತಿ ನೋಡಿದ. "ಹೆಸರಿನ ಮ್ಯಾಲ ಗೆರಿ ಹೊಡೀಲೇನ್ರಿ?"

"ತಡೀರಿ. ನನಗ ಓದಾಕ ಬರಂಗಿಲ್ಲ. ಆಕಿ ಹೆಸರು ಎಲ್ಲೈತಿ, ತೋರಸ್ರಿ."

ಅವನು ತೋರಿಸಿದ. ದೇವವ್ವ ಅಕ್ಷರಗಳ ಮೇಲೆ ಬೆರಳಾಡಿಸಿದಳು, ಎರಡು ಸಲ.

"ಆತು. ಹೊಡೀರಿ."

ಗೆರೆ ಎಳೆಯುವಾಗ ಅವಳು ಮುಖ ತಿರುಗಿಸಲಿಲ್ಲ.

ನೋಂದಣಿಯಾಯಿತು. ಊರ ನಡುವಿನ ಬಾಡಿಗೆ ಕೋಣೆಯಲ್ಲಿ ಮೊದಲ ಸಭೆ ನಡೆದು ವ್ಯವಹಾರ ಶುರುವಾಯಿತು. ಎಲ್ಲರಿಗೂ ಪೇಢೆ ಹಂಚಿದರು. ದೇವವ್ವ ತನ್ನ ಪಾಲಿನದನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ನಡೆದಳು. ಬಾಗಿಲು ತೆರೆದವಳೇ, "ಸಂಘ ಚಾಲೂ ಆತವ್ವಾ!" ಎಂದು ಒಳಕ್ಕೆ ಮಗಳಿಗೆ ಕೂಗಿ ಹೇಳಿದಳು.

ಹೇಳಿದ ಮೇಲೆ ಎಚ್ಚರವಾಯಿತು. ಹೊಸ್ತಿಲ ಮೇಲೆಯೇ ಕೂತಳು.