ಆಮೆನ್ ಎನ್ನುವ ತನಕ

ಯಾರಾದರೂ ಆಸರೆ ಕೊಡಲೆಂದು ಕೈ ಚಾಚಿದರೆ ಸಾಕು, ಇಸ್ತ್ರಿ ಅಜ್ಜಿಗೆ ಮೈಯೆಲ್ಲ ಉರಿಯುತ್ತಿತ್ತು. ಜೀವಮಾನವಿಡೀ ಮೇಜಿನ ಮುಂದೆ ನಿಂತು ಪರರ ಅಂಗಿಗಳ ಸುಕ್ಕು ಬಿಡಿಸಿದವಳು. ಬೂದುಬಣ್ಣದ ಕೋಟಿನ ಗುಂಡಿಗಳನ್ನು ಕತ್ತಿನವರೆಗೂ ಬಿಗಿದು, ಒಂದು ಭುಜ ಮುಂದೆ ಮಾಡಿ, ಎದುರುಗಾಳಿಯನ್ನು ತಳ್ಳುವವಳಂತೆ ನಡೆಯುತ್ತಿದ್ದವಳು. ಮಾತಿಗೊಮ್ಮೆ "ಅದಿರಲಿ ಬಿಡು" ಎನ್ನುತ್ತಿದ್ದಳಾದರೂ ಹಿಡಿದದ್ದನ್ನು ಎಂದೂ ಬಿಟ್ಟವಳಲ್ಲ.

ಸೊಂಟದ ಮೂಳೆ ಮುರಿದು ಆಸ್ಪತ್ರೆಯಿಂದ ಮರಳುವಾಗ ಡಾಕ್ಟರು, ಇನ್ನು ಚರ್ಚಿನಲ್ಲಿ ಕೂತೇ ಇರಿ ಎಂದರು. ಪ್ರಾರ್ಥನೆಗೆ ಕೂರಲು ಅವಳದೇನೂ ತಕರಾರಿರಲಿಲ್ಲ. ಆದರೆ ಆರಾಧನೆಯ ಕೊನೆಗೆ, ತಂದೆಗೂ ಮಗನಿಗೂ ಪವಿತ್ರಾತ್ಮನಿಗೂ ಮಹಿಮೆ ಸಲ್ಲಿಸುವ ಆ ಪುಟ್ಟ ಸ್ತುತಿಗೀತೆಗೆ ಸಭೆಯೆಲ್ಲ ಎದ್ದು ನಿಲ್ಲುವುದು ವಾಡಿಕೆ. ಅದನ್ನು ಕೂತು ಹಾಡುವುದೆಂದರೆ ಅವಳಿಗೆ ಬದುಕಿದ್ದೂ ಸತ್ತಂತೆ. "ಗಿರಾಕಿಗಳ ಪ್ಯಾಂಟಿಗೆ ನಿಂತ ಕಾಲು, ದೇವರಿಗೆ ನಿಲ್ಲಲ್ವಾ?"

ಅಡುಗೆಮನೆಯ ಸಿಂಕಿನ ಅಂಚು ಹಿಡಿದು, ಆ ಗೀತೆಯನ್ನು ನಿಂತು ಹಾಡುವ ತಾಲೀಮು ಶುರುವಾಯಿತು. ಮೊದಮೊದಲು ತಂದೆಯ ಹೆಸರಿಗೇ ಮಂಡಿ ನಡುಗಿ ಕುರ್ಚಿಗೆ ಬೀಳುತ್ತಿದ್ದಳು. ಕ್ರಮೇಣ ಮಗನವರೆಗೆ ಬಂದಳು. ಹಾಲು ಉಕ್ಕಿ ಹರಿದರೂ ಸರಿಯೇ, ಹಲ್ಲು ಕಚ್ಚಿ ಮತ್ತೆ ಏಳುತ್ತಿದ್ದಳು.

"ಅಮ್ಮಾ, ದೇವರೇನು ಹಾಜರಿ ತಗೋತಾನಾ?" ಎಂದು ಮಗಳು ಕಣ್ಣೀರು ಹಾಕಿದರೆ, "ಅದಿರಲಿ ಬಿಡು, ಆ ಕುರ್ಚಿ ಸ್ವಲ್ಪ ದೂರ ಸರಿಸು" ಎನ್ನುವಳು.

ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವನು ಅವಳ ಅಳಿಯನೇ. ಪಾಪ, ಮೆದುಮನಸ್ಸಿನವನು. ಒಂದು ಭಾನುವಾರ ಅತ್ತೆ ಮುಂದಿನ ಬೆಂಚಿನಿಂದ ತಡವರಿಸುತ್ತ ಏಳುವುದು ಅವನ ಕಣ್ಣಿಗೆ ಬಿತ್ತು. ಬೇಗ ಮುಗಿದರೆ ಬೇಗ ಕೂತಾರೆಂದು ಗೀತೆಯನ್ನು ಓಡಿಸಿಯೇ ಬಿಟ್ಟ. ಅಜ್ಜಿ ಸರಿಯಾಗಿ ಬಾಯಿ ತೆರೆಯುವಷ್ಟರಲ್ಲಿ ಆಮೆನ್! ಜನ ಕೂತರು. ಅವಳು ಕೂರಲಿಲ್ಲ.

"ಅಳಿಯಂದಿರೇ," ಎಂದಳು, ಇಡೀ ಸಭೆಗೆ ಕೇಳುವಂತೆ, "ನನ್ನ ಮೇಲೆ ಕನಿಕರ ಇದ್ರೆ ಮನೇಲಿ ತೋರಿಸಿ. ದೇವರ ಸ್ತುತೀನ ನನಗೋಸ್ಕರ ಓಡಿಸ್ಬೇಡಿ. ಇನ್ನೊಂದ್ಸಲ, ನಿಧಾನಕ್ಕೆ."

ಪಾದ್ರಿಗಳು ನಗು ನುಂಗಿಕೊಂಡು ತಲೆಯಾಡಿಸಿದರು. ಅಳಿಯ ಕೆಂಪೇರಿದ ಮುಖದಲ್ಲೇ ಮತ್ತೆ ನುಡಿಸಿದ. ಸಭೆ ಮತ್ತೆ ಎದ್ದಿತು. ಅಜ್ಜಿಯ ಕೋಟಿನ ಅಂಚು ಗಡಗಡ ಅದುರುತ್ತಿತ್ತು. ಪಕ್ಕದಲ್ಲಿದ್ದ ಮಗಳು ಕೈ ಚಾಚಲು ಹೋದವಳು ಅರ್ಧಕ್ಕೇ ನಿಲ್ಲಿಸಿ, ತನ್ನ ಕೈಯನ್ನೇ ತಾನು ಬಿಗಿಹಿಡಿದುಕೊಂಡಳು. ಆಮೆನ್ ಎಂದಾಗ ಅಜ್ಜಿ ನಿಂತೇ ಇದ್ದಳು. ಆಮೇಲೆ ದೊಪ್ಪನೆ ಕೂತು, ಕೋಟಿನ ಕತ್ತಿನ ಗುಂಡಿ ಬಿಚ್ಚಿದಳು.

ಇಂಥವರನ್ನು ಹಟಮಾರಿಗಳೆಂದು ಕರೆದು ನಾವು ಸುಮ್ಮನಾಗುತ್ತೇವೆ. ಅವರು ಬೇಡುವುದಾದರೂ ಎಷ್ಟು? ಸಲ್ಲಿಸಬೇಕಾದ ಗೌರವವನ್ನು ತಮ್ಮ ಕಾಲ ಮೇಲೆ ನಿಂತು ಸಲ್ಲಿಸಲು ಒಂದಿಷ್ಟು ಹೊತ್ತು. ಆ ಹೊತ್ತನ್ನೂ ಅವರಿಂದ ಕಿತ್ತುಕೊಳ್ಳುವವರು, ಬಹಳ ಸಲ, ಅವರನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸುವವರೇ.