ಕತ್ತಿಯ ಕೆಳಗೆ ಹೇಳಿದ ಮಾತು

ಅಪ್ಪ ಸಾಯುವಾಗ ಅಣ್ಣನಿಗೆ ಬಿಟ್ಟುಹೋದದ್ದು ಎರಡೇ. ಬಾಡಿಗೆ ಕೋಣೆಯ ಕ್ಷೌರದಂಗಡಿ, ಮತ್ತು ಒಂದು ಹುಚ್ಚು ನಂಬಿಕೆ. ಗಂಟಲ ಮೇಲೆ ಕತ್ತಿ ಇದ್ದಾಗ ಯಾವ ಗಿರಾಕಿಯೂ ಸುಳ್ಳು ಹೇಳುವುದಿಲ್ಲವಂತೆ. ಸುಳ್ಳು ಹೇಳುವವನು ಮೊದಲು ಉಗುಳು ನುಂಗುತ್ತಾನೆ, ಗಂಟಲ ಗಂಟು ಅಲುಗುತ್ತದೆ. ಹೀಗಾಗಿ ಮನೆಯಲ್ಲಿ ಹೆಂಡತಿಯ ಮಾತಿಗೆ ಕಿವಿಗೊಡದ ಅಣ್ಣ ಅಂಗಡಿಯಲ್ಲಿ ನೊರೆ ಮೆತ್ತಿದ ಬಾಯಿ ಏನೆಂದರೂ ನಂಬುತ್ತಿದ್ದ.

ಶಾಲೆಗೆ ಅರ್ಧದಲ್ಲೇ ಕೈಮುಗಿದು ಎರಡನೇ ಕುರ್ಚಿಯ ಹಿಂದೆ ನಿಂತ ತಮ್ಮನಿಗೆ ಇದನ್ನು ನೋಡಿದರೆ ಮೈಯೆಲ್ಲ ಉರಿ.

ಕಟ್ಟಡದ ಮಾಲೀಕ ಕೋಣೆ ಮಾರಲು ಹೊರಟ. ವರ್ಷದೊಳಗೆ ನೀವೇ ಕೊಂಡರೆ ಸರಿ, ಇಲ್ಲವೆಂದರೆ ಗಂಟುಮೂಟೆ ಕಟ್ಟಿ ಎಂದ. ಅಪ್ಪ ಹೋದಂದಿನಿಂದ ಬ್ಯಾಂಕಿನಲ್ಲಿ ಕೂಡಿಟ್ಟದ್ದು ಬೆಲೆಯ ಮುಕ್ಕಾಲು ಪಾಲಿತ್ತು. ಉಳಿದದ್ದಕ್ಕೆ ಸಾಲ ಕೇಳಿದರೆ, ಅಡ ಇಡಲು ಏನಿದೆ ಎಂದರು ಬ್ಯಾಂಕಿನವರು. "ಕತ್ತರಿ ಇದೆ" ಎಂದ ತಮ್ಮ. ಮಾತು ಅಲ್ಲಿಗೇ ಮುಗಿಯಿತು.

ಅದೇ ವಾರ ಪರ್ಸೆಂಟು ಬಂದು ಅಣ್ಣನ ಕುರ್ಚಿಯಲ್ಲಿ ಕೂತ. ಬೀದಿ ತಿರುವಿನ ಹೂಡಿಕೆ ಕಂಪನಿಯ ಮ್ಯಾನೇಜರ್. ಬಾಯಿ ಬಿಟ್ಟರೆ ಪರ್ಸೆಂಟಿಲ್ಲದೆ ಮಾತಿಲ್ಲ, ಅದಕ್ಕೆ ಈ ಹೆಸರು.

"ಬ್ಯಾಂಕು ಅಂದ್ರೆ ಏನು ಹೇಳು? ಮಧ್ಯದವನು. ನಿನ್ನ ದುಡ್ಡು ಇಸ್ಕೊಂಡು ನಿನಗೆ ಚೂರು ಬಡ್ಡಿ ಎಸೀತಾನೆ. ಅದೇ ದುಡ್ಡನ್ನ ಇನ್ನೊಬ್ಬನಿಗೆ ಕೊಟ್ಟು ಅವನ ಸಿಪ್ಪೆ ಸುಲೀತಾನೆ. ನಾವು ಆ ಮಧ್ಯದವನನ್ನೇ ಕಿತ್ತು ಬಿಸಾಕ್ತೀವಿ. ನಿನ್ನ ದುಡ್ಡು ನೇರ ಷೇರು ಮಾರ್ಕೆಟ್ಟಿಗೆ, ವರ್ಷಕ್ಕೆ ಮೂವತ್ತೈದು ಪರ್ಸೆಂಟು."

"ಹಂಗಾದ್ರೆ ನೀವ್ಯಾರು ಸಾರ್?" ಎಂದ ತಮ್ಮ.

ಅಣ್ಣ ಅವನನ್ನು ಕಣ್ಣಲ್ಲೇ ಗದರಿ, ಕತ್ತಿಯನ್ನು ಗಂಟಲ ಮೇಲೆ ನಿಲ್ಲಿಸಿದ. "ಒಂದೇ ಮಾತು ಸಾರ್. ನಿಮ್ಮ ಸ್ವಂತ ದುಡ್ಡು ಎಲ್ಲಿದೆ?"

"ಅಲ್ಲೇ ಕಣಯ್ಯ. ನಂದು, ನನ್ನ ಹೆಂಡತೀದು, ಅತ್ತೇದು ಕೂಡ."

ಗಂಟು ಅಲುಗಲಿಲ್ಲ.

"ನೋಡಿದ್ಯೇನೋ?" ಅವನು ಹೋದಮೇಲೆ ಅಣ್ಣ ಹಿಗ್ಗಿದ. "ಅತ್ತೆ ದುಡ್ಡೂ ಹಾಕಿದಾನೆ!"

"ಅದು ನಂಬಿಕೆ ಅಲ್ಲಣ್ಣ, ಅತ್ತೆ ಮೇಲಿನ ಸೇಡು."

ಅಣ್ಣ ಮರುದಿನವೇ ಬ್ಯಾಂಕಿಗೆ ಓಡಿದ. ಉಳಿತಾಯವನ್ನೆಲ್ಲ ಬಳಿದುಕೊಂಡು ಹೋಗಿ ಕಂಪನಿಗೆ ಸುರಿದ. ವರ್ಷ ತುಂಬಿದರೆ ಉಳಿದ ಕಾಲು ಪಾಲೂ ಹುಟ್ಟುತ್ತದೆ ಎಂಬ ಲೆಕ್ಕ.

ವರ್ಷ ತುಂಬಲಿಲ್ಲ, ಕಂಪನಿಯ ಶಟರ್ ಬಿತ್ತು. ಇವರ ದುಡ್ಡನ್ನು ಕಂಪನಿ ಒಂದು ದೊಡ್ಡ ಕಂಪನಿಗೆ ಕೊಟ್ಟಿತ್ತು, ಅದು ಇನ್ನೂ ದೊಡ್ಡದಕ್ಕೆ. ಮಾರ್ಕೆಟ್ಟಿನಲ್ಲಿ ಆ ಎಲ್ಲಕ್ಕಿಂತ ದೊಡ್ಡದರ ಷೇರು ಒಂದು ಬೆಳಿಗ್ಗೆ ನೆಲಕಚ್ಚಿತು. ತಮ್ಮ ಕಲ್ಲು ಹಿಡಿದು ಓಡಿದ. ಶಟರಿನ ಮುಂದೆ ಕೂತು ಅಳುತ್ತಿದ್ದ ಕಾವಲುಗಾರನೂ ದುಡ್ಡು ಹಾಕಿದವನೇ. ಪೊಲೀಸರು ಇದು ಮಾರ್ಕೆಟ್ಟಿನ ವಿಷಯ ಎಂದರು. ಮಾರ್ಕೆಟ್ಟಿನ ಉಸ್ತುವಾರಿ ಕಚೇರಿಯವರು ಇದು ಪೊಲೀಸರ ವಿಷಯ ಎಂದರು. ಅಷ್ಟು ದೊಡ್ಡ ಕಟ್ಟಡಗಳಲ್ಲಿ ಕೊರಳಪಟ್ಟಿ ಹಿಡಿಯಲು ಒಂದು ಕೊರಳೂ ಸಿಗಲಿಲ್ಲ.

ಕೊನೆಗೆ ಕೊರಳು ತಾನಾಗಿಯೇ ನಡೆದು ಬಂತು. ಗಡ್ಡ ಬೆಳೆದ ಪರ್ಸೆಂಟು ಬಾಗಿಲಲ್ಲಿ ನಿಂತು, "ನಾಳೆ ಒಂದು ಕೆಲಸಕ್ಕೆ ಕರೆದಿದಾರೆ, ಸ್ವಲ್ಪ ಕೆರೆದುಬಿಡ್ರಪ್ಪ" ಎಂದ.

ಅಣ್ಣ ಮೇಲೇಳಲಿಲ್ಲ. ತಮ್ಮ ಅವನನ್ನು ತನ್ನ ಕುರ್ಚಿಯಲ್ಲಿ ಕೂರಿಸಿ, ನೊರೆ ಬಳಿದು, ಒಂದು ಕೆನ್ನೆ ಮುಗಿಸಿದ. ಆಮೇಲೆ ಕತ್ತಿಯನ್ನು ಗಂಟಲಿಗೆ ಒತ್ತಿದ.

"ಬೊಗಳು. ನಮ್ಮ ದುಡ್ಡು ಎಲ್ಲಿದೆ?"

ಒಂದು ಸುಳ್ಳು ಸಾಕಿತ್ತು ತಮ್ಮನಿಗೆ. ಬಚ್ಚಿಟ್ಟಿದ್ದೇನೆ, ವಾಪಸ್ ಕೊಡ್ತೇನೆ, ಏನಾದರೂ ಒಂದು. ಗಂಟು ಒಮ್ಮೆ ಅಲುಗಿದರೆ ಸಾಕಿತ್ತು.

"ಗೊತ್ತಿಲ್ಲ ಕಣೋ" ಎಂದ ಪರ್ಸೆಂಟು. "ಮೇಲಿನವರನ್ನ ಕೇಳ್ದೆ, ಅವರಿಗೂ ಗೊತ್ತಿಲ್ಲ. ನಮ್ಮತ್ತೆ ನನ್ನನ್ನ ಮನೆಯಿಂದ ಆಚೆ ಹಾಕಿದಾರೆ."

ಗಂಟು ಅಲುಗಲಿಲ್ಲ.

"ನಿಜ ಹೇಳ್ತಿದಾನೆ, ಬಿಡೋ" ಎಂದ ಅಣ್ಣ ಮೂಲೆಯಿಂದ.

ಅದು ತಮ್ಮನಿಗೂ ಗೊತ್ತಾಗಿತ್ತು. ಹುಟ್ಟಿದಾಗಿನಿಂದ ನಂಬದಿದ್ದ ಅಪ್ಪನ ಮಾತನ್ನು ಅವನು ಆ ಗಳಿಗೆಯಲ್ಲಿ ನಂಬಿದ. ನಂಬಿ ಅವನಿಗೆ ಸಿಕ್ಕಿದ್ದು ಏನೂ ಇಲ್ಲ.

ಅಷ್ಟರಲ್ಲಿ ಕೋಣೆ ಕೊಂಡವನ ಕಡೆಯ ಮೇಸ್ತ್ರಿ ಅಳತೆಯ ಟೇಪು ಹಿಡಿದು ಒಳಗೆ ಬಂದ. "ಗೋಡೆ ಅಳೀಬೇಕಿತ್ತು. ಆ ಕುರ್ಚಿ ಚೂರು ಸರಿಸ್ತೀರಾ?"

ತಮ್ಮ ಕತ್ತಿ ತೆಗೆದ. ಪರ್ಸೆಂಟು ಕೂತಿದ್ದಂತೆಯೇ ಕುರ್ಚಿಯನ್ನು ಪಕ್ಕಕ್ಕೆ ತಳ್ಳಿ, ಬ್ರಷ್ಷನ್ನು ನೀರಿಗೆ ಅದ್ದಿದ. ಇನ್ನೊಂದು ಕೆನ್ನೆ ಬಾಕಿ ಇತ್ತು.