ಹೊಸ ಕೋಟು

"ಅಳತಿ ಹೇಳ್ರಿ," ಎಂದಳು ಮಾಲವ್ವ, ಕೊರಳಲ್ಲಿದ್ದ ಟೇಪನ್ನು ತೆಗೆಯುತ್ತ.

ಮರಿಯಾಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಎರಡೂ ಕೈ ಚಾಚಿ ಗಾಳಿಯಲ್ಲೇ ಗಂಡನ ಭುಜದ ಅಗಲ ತೋರಿಸಿದಳು. ತೋರಿಸಿದ ಮೇಲೆ ಅದು ಮೊದಲಿನ ವಿಲ್ಸನ್‌ನ ಅಳತೆ ಎಂದು ಹೊಳೆಯಿತು. ಕೈಗಳನ್ನು ಹತ್ತಿರಕ್ಕೆ ತಂದಳು. ನಿಂತು ಯೋಚಿಸಿ, ಇನ್ನೂ ಸ್ವಲ್ಪ ತಂದಳು.

ಮಾಲವ್ವ ಆ ಕೈಗಳನ್ನೇ ನೋಡುತ್ತಿದ್ದು, ಟೇಪನ್ನು ಸುತ್ತಿ ಪಕ್ಕಕ್ಕಿಟ್ಟಳು.

"ಆರೈಕಿ ಮನ್ಯಾಗ ಅದಾರೇನವಾ?"

"ಹೂಂ ರೀ. ಕಿಡಕಿ ಬಾಜೂಕ ಮಂಚ ಐತಿ."

ಹಳಿಯಾಳದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದ್ದ ಆ ಅಂಗಡಿ ನಡೆಯುತ್ತಿದ್ದದ್ದೇ ಆರೈಕೆ ಮನೆಗಾಗಿ. ಊರವರು ತಂದುಕೊಟ್ಟ ಹಳೆಯ ಬಟ್ಟೆ, ಪಾತ್ರೆ, ಮಕ್ಕಳ ಸೈಕಲ್ಲುಗಳನ್ನು ಅಲ್ಲಿ ಅಗ್ಗಕ್ಕೆ ಮಾರುತ್ತಿದ್ದರು. ಬಂದ ಹಣ, ದವಾಖಾನೆಯವರು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟ ಮೇಲೆ ಅಲ್ಲಿ ಕಡೆಯ ದಿನಗಳನ್ನು ಕಳೆಯುವ ರೋಗಿಗಳ ಔಷಧಕ್ಕೆ ಹೋಗುತ್ತಿತ್ತು. ಮಾಲವ್ವನ ಗಂಡ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ದುಡಿದವನು, ಕಡೆಗೆ ಆ ಮನೆಯಲ್ಲೇ ತೀರಿಕೊಂಡ. ಅವನ ದಿನಕರ್ಮ ಮುಗಿಸಿಕೊಂಡು ಬಂದವಳು ಅಂಗಡಿಯಲ್ಲಿ ಕೂತಳು, ಮತ್ತೆ ಆ ಕೆಲಸ ಬಿಡಲಿಲ್ಲ.

"ಕೋಟ ಬೇಕಂತಾರ್ರಿ," ಎಂದಳು ಮರಿಯಾ. "ಆದ್ರ ಹೊಸಾದು. ಮಂದಿ ಹಾಕಿ ಬಿಟ್ಟಿದ್ದು ಬ್ಯಾಡಂತ." ಹೇಳಿ ತಲೆ ತಗ್ಗಿಸಿದಳು. ಪೇಟೆಯ ಬಟ್ಟೆ ಅಂಗಡಿಯ ಮೆಟ್ಟಿಲು ಹತ್ತಿ, ಬೆಲೆ ಕೇಳಿ, ಇಳಿದು ಬಂದಿದ್ದಳು.

ವಿಲ್ಸನ್ ಮದುವೆಯಲ್ಲಿ ಹಾಕಿಕೊಂಡಿದ್ದ ಕೋಟು ಅವನ ಗೆಳೆಯ ಬಾಬಾಜಿಯದು. ಬಾಬಾಜಿಗೆ ಆವತ್ತೇ ಗೋವೆಯ ಬಸ್ ಹಿಡಿಯಬೇಕಿತ್ತು. ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದ ಮದುಮಗನ ಬೆನ್ನ ಹಿಂದೆ ಬಂದು ನಿಂತ. ವಿಲ್ಸನ್ ಎಂಜಲು ಕೈಯನ್ನು ಮೇಲೆತ್ತಿ ಹಿಡಿದುಕೊಂಡ, ಬಾಬಾಜಿ ಒಂದೊಂದೇ ತೋಳು ಎಳೆದು ಬಿಚ್ಚಿಕೊಂಡ. ಸಿದ್ದಿ ಜನಾಂಗದವರ ಆ ಪುಟ್ಟ ಊರಿಗೆ ಊರೇ ನಕ್ಕಿತ್ತು. ಮರಿಯಾಳೂ ನಕ್ಕಿದ್ದಳು. ವಿಲ್ಸನ್ ಮಾತ್ರ ಅನ್ನ ಕಲಸುತ್ತ ತಲೆ ಎತ್ತಲಿಲ್ಲ. ಆಮೇಲೆ ಕಬ್ಬು ಕಡಿಯುವ ಗ್ಯಾಂಗಿನಲ್ಲಿ, ಹೊರೆ ಹೊತ್ತು ಹಲಗೆ ಏರಿ ಲಾರಿ ತುಂಬಿದ ಅಷ್ಟೂ ವರ್ಷ, ಅವನ ಮೈಮೇಲೆ ಬಂದದ್ದು ಯಾರೋ ಬಿಟ್ಟ ಅಂಗಿ, ಯಾರೋ ಕೊಟ್ಟ ಸ್ವೆಟರು. ಹೊಟ್ಟೆಯಲ್ಲಿ ಗಡ್ಡೆ ಬೆಳೆದು, ಗಂಜಿಯೂ ಇಳಿಯದಂತಾದ ಮೇಲೆ ಅವನು ಕೇಳಿದ್ದು ಇದೊಂದೇ.

ಮಾಲವ್ವ ಒಳಗಿಂದ ಒಂದು ಕಪ್ಪು ಕೋಟು ತಂದಳು. ಒಳಗೆ ನುಣುಪಾದ ಅಸ್ತರು, ಗುಂಡಿಗಳೆಲ್ಲ ಗಟ್ಟಿಯಾಗಿದ್ದವು. ಮೊಣಕೈಗಳ ಹತ್ತಿರ ಮಾತ್ರ ಬಟ್ಟೆ ಸವೆದು ಹೊಳೆಯುತ್ತಿತ್ತು. ಕಾಲರಿನ ಒಳಗಿದ್ದ ಅಗಸರ ಗುರುತಿನ ನೂಲನ್ನು ಬ್ಲೇಡಿನಿಂದ ಒಂದೊಂದೇ ಎಳೆ ಬಿಡಿಸಿ ತೆಗೆದಳು. ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡಿ, ಹೊಸ ಸೀರೆ ಬರುವಂಥ ಗಟ್ಟಿ ಕಾಗದದ ಚೀಲ ಹುಡುಕಿ ಹಾಕಿಕೊಟ್ಟಳು.

"ಹೊಸಾದಂತ ಹೇಳು."

"ಸುಳ್ಳಾಕ್ಕೈತ್ರಿ."

"ಆಗ್ಲಿ ಬಿಡು," ಎಂದಳು ಮಾಲವ್ವ. "ನಮ್ಮವರು ಕಾರ್ಖಾನಿಗೆ ಯಾವಾಗ ಹೋಗ್ಲಿ ಅಂತ ದಿನಾ ಕೇಳ್ತಿದ್ರು. ನಾ ದಿನಾ, ಸೋಮವಾರ ಹೋಗೂಣು ಅಂತಿದ್ದೆ."

ಆರೈಕೆ ಮನೆಯಲ್ಲಿ ವಿಲ್ಸನ್ ಕಾಯುತ್ತಿದ್ದ. ನರ್ಸ್ ಸಹನಾ ಅವನನ್ನು ಎಬ್ಬಿಸಿ ಹಿಡಿದುಕೊಂಡಳು. ಮರಿಯಾ ತೋಳುಗಳನ್ನು ಏರಿಸಿದಳು. ಅಂಗಡಿಯಲ್ಲಿ ಅಷ್ಟು ಕುಗ್ಗಿಸಿ ತೋರಿಸಿದ್ದ ಅಳತೆಯೂ ದೊಡ್ಡದಾಗಿತ್ತು. ಭುಜಗಳು ಇಳಿಬಿದ್ದವು, ತೋಳಿನ ತುದಿಯಲ್ಲಿ ಬೆರಳುಗಳಷ್ಟೇ ಕಂಡವು. ಪಕ್ಕದ ಮಂಚದ ಮಹಾಂತಪ್ಪ ಮೊಣಕೈಯೂರಿ ಎದ್ದು ನೋಡಿದ.

"ಭಾರಿ ಆತಲ್ಲೋ ಮಾರಾಯಾ! ಎಲ್ಲಿಗಿ ಹೊಂಟಿ?"

"ಎಲ್ಲಿಗೂ ಇಲ್ರಿ. ಹೊಸಾದು. ಹಾಕ್ಕೊಂಡ ನೋಡಾಕತ್ತೇನಿ," ಎಂದ ವಿಲ್ಸನ್.

ಮಹಾಂತಪ್ಪ ನಿದ್ದೆಹೋದ ಮೇಲೆ ವಿಲ್ಸನ್ ತನ್ನ ಮೊಣಕೈಯನ್ನು ಹೆಬ್ಬೆರಳಿನಿಂದ ಸವರಿದ. ಹೊಳೆಯುವ ಜಾಗದಲ್ಲಿ ಬೆರಳು ನಿಂತಿತು. ಮರಿಯಾ ಕಿಟಕಿಯ ಕಡೆ ತಿರುಗಿ, ಹೊರಗೆ ಏನೋ ಇದೆಯೆಂಬಂತೆ ನೋಡತೊಡಗಿದಳು.

"ಮರಿಯಾ."

"ಆಂ."

"ಹೊಸಾ ಕೋಟ ಮೈಗೆ ಚುಚ್ಚತೈತಿ ಅಂತಿದ್ದ ಬಾಬಾಜಿ."

ಅವಳು ಕಿಟಕಿಯಿಂದ ಇತ್ತ ತಿರುಗಿದಳು.

"ಇದು ಚುಚ್ಚವಲ್ದು," ಎಂದ ವಿಲ್ಸನ್. ಸುಧಾರಿಸಿಕೊಂಡು ಮತ್ತೆ ಹೇಳಿದ, "ಛಲೋದ ತಂದಿ ನೋಡು."

ಅವಳಿಗೆ ಅವನ ಕಾಲು ಹಿಡಿದು ಎಲ್ಲ ಹೇಳಿಬಿಡಬೇಕು ಅನ್ನಿಸಿತು. ಬದಲಿಗೆ ಕಾಲರನ್ನು ಸರಿಮಾಡಿದಳು. ಬಿಚ್ಚಲು ಹೋದರೆ ಅವನು ಬೇಡವೆಂದ. ಹಾಗೇ ಒರಗಿ, ತೋಳಿನೊಳಗೆ ಕೈ ಎಳೆದುಕೊಂಡು, ಬಹಳ ದಿನಗಳ ಮೇಲೆ ನರಳದೆ ನಿದ್ದೆ ಮಾಡಿದ.

ಮುಂದಿನ ವಾರ ವಿಲ್ಸನ್ ತೀರಿಕೊಂಡ. ಕೋಟು ಹಾಕಿಯೇ ಊರಿಗೆ ತಂದರು. ಬಾಬಾಜಿ ಕೋಲೂರಿಕೊಂಡು ಬಂದ, ಈಗ ಅವನಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಶವಪೆಟ್ಟಿಗೆಯ ಪಕ್ಕ ಕೂತು ಕೈಯಾಡಿಸಿ ತೋಳನ್ನು ಮುಟ್ಟಿದ.

"ಕೋಟ ಹಾಕೀರಿ?" ಎಂದ. "ಯಾರದ ಇದು?"

ಕೂತಿದ್ದ ಹೆಂಗಸರು ಮರಿಯಾಳ ಮುಖ ನೋಡಿದರು.

"ಅವರದ," ಎಂದಳು ಮರಿಯಾ. "ಹೊಸಾದು."

ಬಾಬಾಜಿ ತಲೆಯಾಡಿಸಿದ. ಕೈಯನ್ನು ಆ ತೋಳಿನ ಮೇಲಿಂದ ತೆಗೆಯದೆ ಬಹಳ ಹೊತ್ತು ಕೂತ. ಆಮೇಲೆ ಆ ಮುದುಕನ ಅಳು ಕೇಳಿಸಿತು. ಅಲ್ಲಿಯವರೆಗೆ ಅಳದಿದ್ದ ಮರಿಯಾ, ಆ ಅಳು ಕೇಳಿ ಅತ್ತಳು.

ತಿಂಗಳು ಕಳೆದ ಮೇಲೆ ವಿಲ್ಸನ್‌ನ ಉಳಿದ ಬಟ್ಟೆಗಳನ್ನು ಒಗೆದು, ಗಂಟು ಕಟ್ಟಿ, ಸಂತೆಯ ದಿನ ಹಳಿಯಾಳಕ್ಕೆ ತಂದಳು. ಮಾಲವ್ವ ಗಂಟನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು. "ಕೂಡ್ರವಾ, ಚಾ ತರಸ್ತೇನಿ," ಎಂದಳು. ಮರಿಯಾ ಬಸ್ಸಿನ ನೆಪ ಹೇಳಿ ಸಂತೆಗೆ ಹೋದಳು. ಉಪ್ಪು, ಒಣಮೀನು ಕೊಂಡು ಅದೇ ಓಣಿಯಲ್ಲಿ ತಿರುಗಿ ಬರುವಾಗ ಅಂಗಡಿಯ ಬಾಗಿಲಲ್ಲಿ ಒಬ್ಬ ಗಂಡ, ಹೆಂಡತಿ ನಿಂತಿದ್ದರು. ಹೆಂಡತಿ ವಿಲ್ಸನ್‌ನ ಚೌಕಳಿ ಅಂಗಿಯನ್ನು ಬಿಡಿಸಿ ಗಂಡನ ಬೆನ್ನಿಗೆ ಹಿಡಿದಿದ್ದಳು.

"ನೆಟ್ಟಗ ನಿಂದ್ರು ಅಂದ್ರ," ಎಂದು ಗದರಿದಳು.

ಗಂಡ ನೆಟ್ಟಗೆ ನಿಂತ. ಅವಳು ಅಂಗಿಯ ಭುಜದ ಹೊಲಿಗೆಯನ್ನು ಅವನ ಭುಜದ ಅಂಚಿಗೆ ತಂದು, ಅಂಗೈಯಿಂದ ನಿಧಾನವಾಗಿ ಬೆನ್ನುದ್ದಕ್ಕೂ ಸವರಿ ಸಮ ಮಾಡಿದಳು. ಮರಿಯಾ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡು, ಅವಳು ಕೈ ತೆಗೆಯುವವರೆಗೂ ಅಲ್ಲೇ ನಿಂತಿದ್ದಳು.